ನಿವೃತ್ತಿಯ ನಂತರವೂ ಶ್ರೇಣಿಯೇ?

ಮಾನ್ಯ ಸಂಪಾದಕರೇ,

ಪೊಲೀಸ್ ಸೇವೆಯಲ್ಲಿ ಶ್ರೇಣಿ ಇರಲೇಬೇಕು. ಗಲಭೆಯ ನಡುವೆ ನಿಂತ ತಂಡಕ್ಕೆ ಆದೇಶ ಒಬ್ಬರಿಂದಲೇ ಬರಬೇಕು. ಅಲ್ಲಿ ಚರ್ಚೆಗೆ ಸಮಯವಿರುವುದಿಲ್ಲ. ಆದರೆ ಸಮವಸ್ತ್ರ ಕಳಚಿದ ಮೇಲೂ ನಿವೃತ್ತರ ಸಂಘಗಳಲ್ಲಿ ಅದೇ ಶ್ರೇಣಿ ಏಕೆ ಮುಂದುವರಿಯಬೇಕು?

ಇಂಥ ಸಂಘಗಳ ಸದಸ್ಯರಲ್ಲಿ ಹೆಚ್ಚಿನವರು ಕೆಳ ಶ್ರೇಣಿಯವರೇ. ಇಲಾಖೆಯ ರಚನೆಯೇ ಹಾಗಿದೆ. ಅಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳು ಮಾತ್ರ ಮಾಜಿ ಅಧಿಕಾರಿಗಳಿಗೆ ಮೀಸಲೆಂಬಂತೆ ಹೋಗುತ್ತವೆ. ಬೈಲಾದ ಪ್ರಕಾರ ಎಲ್ಲರಿಗೂ ಒಂದೊಂದೇ ಮತವಿದ್ದರೂ ಹಳೆಯ ಸಾಹೇಬರ ಎದುರು ನಾಮಪತ್ರ ಸಲ್ಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಸಭೆಯ ಮೊದಲ ಸಾಲಿನ ಕುರ್ಚಿಗಳ ವಿಷಯ ಬಿಡಿ, ಅದನ್ನು ಸಹಿಸಬಹುದು.

ತೊಂದರೆ ಇರುವುದು ಕಾರ್ಯಸೂಚಿಯಲ್ಲಿ. ಪಿಂಚಣಿ ವೇತನದ ಲೆಕ್ಕದಲ್ಲೇ ನಿಗದಿಯಾಗುವುದರಿಂದ, ವೈದ್ಯಕೀಯ ಬಿಲ್ ತಿಂಗಳುಗಟ್ಟಲೆ ಬಾಕಿ ಉಳಿದರೆ ಮೊದಲು ಸಾಲಕ್ಕೆ ಕೈಚಾಚಬೇಕಾದವನು ಕಾನ್‌ಸ್ಟೆಬಲ್. ಅವನು ತೀರಿಕೊಂಡರೆ ಹೆಂಡತಿ ಕುಟುಂಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಸಭೆಯಲ್ಲಿ ಇಂಥ ವಿಷಯಗಳು ‘ಇತರೆ’ ಎಂಬ ಕೊನೆಯ ಸಾಲಿಗೆ ಬೀಳುತ್ತವೆ. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಅಧಿಕಾರಿಗಳಿಂದ ಸಂಘಕ್ಕೆ ಉಪಯೋಗವಿಲ್ಲವೆಂದಲ್ಲ. ಅವರು ಸಹಿ ಹಾಕಿದ ಮನವಿಗೆ ಬೇಗ ಉತ್ತರ ಸಿಗುತ್ತದೆ, ನಿಜ. ಆ ಪ್ರಭಾವ ಯಾರಿಗಾಗಿ ಬಳಕೆಯಾಗಬೇಕು ಎಂಬುದನ್ನು ಉಳಿದವರೂ ತೀರ್ಮಾನಿಸುವಂತಾಗಲಿ. ಕಾರ್ಯಕಾರಿ ಸಮಿತಿಯ ಅರ್ಧದಷ್ಟು ಸ್ಥಾನಗಳನ್ನು ಕೆಳ ಶ್ರೇಣಿಯ ನಿವೃತ್ತರಿಗೆ ಮೀಸಲಿಟ್ಟು, ಉಳಿದವಕ್ಕೆ ಗುಪ್ತ ಮತದಾನ ನಡೆಸಲಿ. ಸಾಹೇಬರೂ ಒಮ್ಮೆ ಮತ ಕೇಳಿ ನೋಡಲಿ.

– ನಿವೃತ್ತ ಹೆಡ್ ಕಾನ್‌ಸ್ಟೆಬಲ್