ಸಂಘದ ದುಡ್ಡು, ನನ್ನ ಪಾಸ್‌ಬುಕ್ಕು

ಮಾನ್ಯ ಸಂಪಾದಕರೇ,

ಯಾರಿಗೆ ಖಾತೆ ಕೊಡಬೇಕು, ಯಾರಿಗೆ ಬೇಡ ಅನ್ನೋದು ಬ್ಯಾಂಕಿನ ಇಷ್ಟ ಎನ್ನುವವರಿಗಾಗಿ ಈ ಪತ್ರ. ನಾನು ಒಂದು ಸಣ್ಣ ಸಂಘದ ಖಜಾಂಚಿ. ಬೈಲಾ, ನೋಂದಣಿ ಪತ್ರ, ಮೂವರು ಸಹಿ ಹಾಕಿದ ಠರಾವು ಎಲ್ಲ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಎರಡು ವಾರ ಸತಾಯಿಸಿ ‘ಆಗಲ್ಲ’ ಎಂದರು. ಯಾಕೆ ಎಂದು ಕೇಳಿದರೆ ‘ಮೇಲಿನವರ ತೀರ್ಮಾನ’. ಅದೇ ಬ್ಯಾಂಕಿನಲ್ಲಿ ನನ್ನ ಸ್ವಂತ ಖಾತೆ ಎಷ್ಟೋ ವರ್ಷದಿಂದ ಇದೆ. ಅಂದರೆ ನಾನೊಬ್ಬನೇ ಹೋದರೆ ನಂಬಿಕಸ್ಥ, ಹತ್ತು ಜನ ಸೇರಿ ಹೋದರೆ ಅನುಮಾನ!

ಆಮೇಲೆ ಹದಿನಾಲ್ಕು ತಿಂಗಳು ಸಂಘದ ಚಂದಾ ನನ್ನ ಖಾತೆಗೇ ಬಂತು. ಪಾಸ್‌ಬುಕ್ಕಿನಲ್ಲಿ ನನ್ನ ಸಂಬಳ, ಅದರ ಕೆಳಗೆ ಚಂದಾ, ಅದರ ಕೆಳಗೆ ಮನೆಯ ಕರೆಂಟ್ ಬಿಲ್ಲು. ಚಂದಾ ಬಂದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಸಂ’ ಎಂದು ಬರೆದುಕೊಳ್ಳುತ್ತಿದ್ದೆ. ನಾನು ದಿಢೀರ್ ಹೋಗಿಬಿಟ್ಟಿದ್ದರೆ? ದುಡ್ಡು ನನ್ನ ಮನೆಯವರ ಕೈಗೆ ಹೋಗುತ್ತಿತ್ತು. ಪೆನ್ಸಿಲ್ ಗುರುತನ್ನು ಯಾರು ಕೇಳುತ್ತಾರೆ? ಅಕ್ರಮ ಹಣ ತಡೆಯಲು ಸಂಘಗಳ ಮೇಲೆ ಕಣ್ಣಿಡಬೇಕಂತೆ. ಇಡಲಿ. ಆದರೆ ಬಾಗಿಲು ಹಾಕಿದರೆ ಆ ಹಣ ಇನ್ನೊಬ್ಬರ ಹೆಸರಿನಲ್ಲಿ ಅಡಗುತ್ತದೆ, ಆಗ ಕಣ್ಣಿಡೋದು ಇನ್ನೂ ಕಷ್ಟ ಅಲ್ವಾ?

ಯುರೋಪಿಯನ್ ಒಕ್ಕೂಟದ 2014ರ ನಿಯಮ ನೋಡಿ. ಅಲ್ಲಿ ಕಾನೂನು ಪ್ರಕಾರ ನೆಲೆಸಿದ ಪ್ರತಿಯೊಬ್ಬರಿಗೂ ಒಂದು ಸಾದಾ ಖಾತೆಯ ಹಕ್ಕಿದೆ. ಇಲ್ಲ ಎಂದರೆ ಸಾಮಾನ್ಯವಾಗಿ ಕಾರಣ ಬರೆದು ಕೊಡಬೇಕು. ಆದರೆ ಇದು ವ್ಯಕ್ತಿಗಳಿಗೆ ಮಾತ್ರ, ಸಂಘ ಸಂಸ್ಥೆಗಳಿಗಲ್ಲ. ಫ್ರಾನ್ಸ್ ಇನ್ನೊಂದು ಹೆಜ್ಜೆ ಮುಂದಿದೆ. ಅಲ್ಲಿ ಬ್ಯಾಂಕು ಒಲ್ಲೆ ಎಂದರೆ ಸಂಸ್ಥೆಯೂ ದೇಶದ ಕೇಂದ್ರ ಬ್ಯಾಂಕಿಗೆ ಅರ್ಜಿ ಹಾಕಬಹುದು. ಖಾತೆ ಕೊಡಲೇಬೇಕಾದ ಬ್ಯಾಂಕನ್ನು ಅದೇ ಗೊತ್ತುಮಾಡುತ್ತದೆ.

ದೊಡ್ಡವರ ಕಥೆಯೂ ಇದೇ. 2010ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಬ್ಯಾಂಕ್ ಆಫ್ ಅಮೆರಿಕ ಒಂದರ ಹಿಂದೊಂದು, ಸರ್ಕಾರಗಳ ಗುಟ್ಟಿನ ದಾಖಲೆಗಳನ್ನು ಬಯಲಿಗಿಡುವ ವಿಕಿಲೀಕ್ಸ್ ಸಂಸ್ಥೆಗೆ ತಮ್ಮ ಮೂಲಕ ದೇಣಿಗೆ ಹೋಗುವ ದಾರಿಯನ್ನು ಮುಚ್ಚಿದವು. ವಿಕಿಲೀಕ್ಸ್ ನನಗೆ ಅಷ್ಟೇನೂ ಹಿಡಿಸಲ್ಲ, ಆ ಮಾತು ಬೇರೆ. ಆದರೆ ಯಾವ ಕೋರ್ಟೂ ಅದನ್ನು ತಪ್ಪಿತಸ್ಥ ಎಂದಿರಲಿಲ್ಲ.

ಮೋಸಗಾರರ ಸಂಘಕ್ಕೆ ಖಾತೆ ಬೇಡ, ಒಪ್ಪಿದೆ. ಹಾಗಾದರೆ ಕಾರಣವನ್ನು ಕಾಗದದ ಮೇಲೆ ಬರೆದು ಕೊಡಿ, ಮೇಲ್ಮನವಿಗೆ ಒಂದು ಜಾಗ ತೋರಿಸಿ.

ಕೊನೆಗೆ ನಮಗೆ ಬೇರೊಂದು ಬ್ಯಾಂಕಿನಲ್ಲಿ ಖಾತೆ ಸಿಕ್ಕಿತು. ಕೊಟ್ಟಿದ್ದು ಅದೇ ಬೈಲಾ, ಅದೇ ಠರಾವು, ಅದೇ ಮೂರು ಸಹಿ.

– ಒಬ್ಬ ಖಜಾಂಚಿ