ಇಲ್ಲೂ ಒಂದು ಮುಳುಗಡೆ ಊರಿದೆ

ಆಗ್ಸ್‌ಬುರ್ಗ್, ಜರ್ಮನಿ
21 ಏಪ್ರಿಲ್ 2026

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ, ಅಜ್ಜಿಗೆ ನಮಸ್ಕಾರಗಳು.

ನಾನು ಕ್ಷೇಮ. ನಿನ್ನೆ ಫೋನ್ ಮಾಡಿದಾಗಲೇ ಎಲ್ಲ ಹೇಳೋಣ ಅಂದುಕೊಂಡಿದ್ದೆ. ನಮ್ಮ ಮನೆ ನೆಟ್‌ವರ್ಕ್ ಗೊತ್ತಲ್ಲ, ಅಂಗಳದ ತುದಿಗೆ ಹೋಗಿ ನಿಂತರೂ ಅರ್ಧ ಮಾತು ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪಯ್ಯ, ಇದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ. ಅಜ್ಜಿಗೆ ಬೇಕಾದ ವಿಷಯ ಕೊನೆಯಲ್ಲಿದೆ. ಮೊದಲ ಭಾಗಕ್ಕೆ ತೂಕಡಿಸಿದರೂ ಪರವಾಗಿಲ್ಲ.

ಶನಿವಾರ ಭಾನುವಾರ ಆಫೀಸಿನ ಗೆಳತಿಯ ಜೊತೆ ಆಲ್‌ಗೋಯ್ ಸೀಮೆಗೆ ಸೈಕಲ್ ಹೊಡೆಯಲು ಹೋಗಿದ್ದೆ. ಜರ್ಮನಿಯ ದಕ್ಷಿಣದ ತುದಿ ಅದು, ಬೆಟ್ಟ ದಾಟಿದರೆ ಆಸ್ಟ್ರಿಯಾ. ಇಲ್ಲಿಂದ ಫ್ಯೂಸೆನ್ ಎಂಬ ಊರಿಗೆ ಎರಡು ಗಂಟೆಯ ರೈಲು. ಸೈಕಲ್ಲಿಗೂ ಟಿಕೆಟ್ ತೆಗೆದು ರೈಲಿಗೇ ಹತ್ತಿಸಬಹುದು. ಅಮ್ಮ, ನೀನು ಕೇಳುವ ಮೊದಲೇ ಹೇಳುತ್ತೇನೆ: ಹೆಲ್ಮೆಟ್ ಇತ್ತು, ಸ್ವೆಟರ್ ಇತ್ತು, ಹೊಟ್ಟೆ ತುಂಬ ತಿಂದಿದ್ದೆ. ಕಾರಿನವರ ಭಯವೂ ಇಲ್ಲ. ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ 2 ಮೀಟರ್ ದೂರ ಬಿಡಬೇಕು ಅಂತ ಇಲ್ಲಿ ಕಾನೂನೇ ಇದೆ. ಜಾಗ ಇಲ್ಲದಿದ್ದರೆ ಹಿಂದೆಯೇ ಸುಮ್ನೆ ಬರುತ್ತಾರೆ, ಹಾರನ್ ಇಲ್ಲ. ಸಾಗರದ ರಸ್ತೆಯಲ್ಲಿ ಬಸ್ಸು ಬಂದರೆ ಚರಂಡಿಗೆ ಇಳಿದು ನಿಂತು ಬೆಳೆದವಳಿಗೆ ಇದು ರೂಢಿಯಾಗಲು ಬಹಳ ದಿನ ಬೇಕಾಯಿತು.

ಇದು ಹಾಲಿನ ಸೀಮೆ. ಮಳೆ ಜಾಸ್ತಿ, ಚಳಿ ಜಾಸ್ತಿ, ಹಾಗಾಗಿ ಧಾನ್ಯ ಬಿಟ್ಟು ಹುಲ್ಲು, ಹಸು, ಚೀಸ್ ಇಷ್ಟನ್ನೇ ನಂಬಿಕೊಂಡಿದ್ದಾರೆ. ಗುಡ್ಡದ ಮೇಲೆ ಗುಡ್ಡ, ಎಲ್ಲ ಹಸಿರು, ನಡುನಡುವೆ ಹಳದಿ ಹೂವು. ಹಿಂದೆ ಆಲ್ಪ್ಸ್ ಬೆಟ್ಟಗಳ ನೆತ್ತಿಯಲ್ಲಿ ಇನ್ನೂ ಹಿಮ. ಕಂದು ಬಣ್ಣದ ಹಸುಗಳು ಹೆಚ್ಚಾಗಿ ಕೊಟ್ಟಿಗೆಯಲ್ಲೇ ಇದ್ದವು. ಬೇಸಿಗೆಗೆ ಕಡಸುಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಕೊರಳಿಗೆ ದೊಡ್ಡ ಗಂಟೆ ಕಟ್ಟಿ ಕೆಳಗಿಳಿಸುತ್ತಾರೆ. ಮುಂದೆ ನಡೆಯುವ ಹಸುವಿನ ತಲೆಗೆ ಹೂವಿನ ಕಿರೀಟ. ಆ ದಿನ ಊರಿಗೆ ಊರೇ ಹಬ್ಬ. ದೀಪಾವಳಿಯಲ್ಲಿ ಗೌರಿಯ ಕೊಂಬಿಗೆ ಅಪ್ಪಯ್ಯ ಕೆಮ್ಮಣ್ಣು ಬಳಿದು ಅಡಿಕೆ ಸರ ಕಟ್ಟುವುದನ್ನು ಗೆಳತಿಗೆ ಹೇಳಿದೆ. ಫೋಟೋ ತೋರಿಸು ಅಂದಳು. ತಮ್ಮನಿಗೆ ಹೇಳಿ, ಕಳಿಸಲಿ.

ಶನಿವಾರವೆಲ್ಲ ಏರು. ಐಸೆನ್‌ಬರ್ಗ್ ಎಂಬಲ್ಲಿ ಅಕ್ಕಪಕ್ಕದ ಎರಡು ಗುಡ್ಡದ ಮೇಲೆ ಎರಡು ಹಾಳು ಕೋಟೆಗಳಿವೆ. ಅತ್ತ ಹೋಗುವ ರಸ್ತೆ ದೂರದಿಂದ ಸಾಧು ಕಾಣುತ್ತದೆ, ಹತ್ತಿರ ಹೋದಾಗ ಗೊತ್ತಾಗುತ್ತದೆ. ಅತಿ ಹಗುರದ ಗೇರ್ ಹಾಕಿದರೂ ತೊಡೆ ಉರಿಯುತ್ತದೆ. ಬೆವರು ಹುಬ್ಬಿನಿಂದ ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತದೆ. ಮುಂದಿನ ಚಕ್ರದ ಎದುರಿನ ನಾಲ್ಕು ಮೊಳ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಳಿಯುವಾಗ ಅದೇ ಬೆವರು ತಣ್ಣಗಾಗಿ ಹಲ್ಲು ಕಟಕಟ. ಬ್ರೇಕ್ ಹಿಡಿದ ಬೆರಳುಗಳು ಮರಗಟ್ಟಿ, ಕೆಳಗೆ ಬಂದಮೇಲೆ ಜಾಕೆಟ್ಟಿನ ಜಿಪ್ ಎಳೆಯಲೂ ಆಗಲಿಲ್ಲ.

ಆ ಎರಡು ಕೋಟೆಗಳ ಕಥೆ ಅಜ್ಜಿಗೆ ನಗು ತರಿಸಬಹುದು. ಯಾವ ಶತ್ರುವೂ ಅವನ್ನು ಕೆಡವಲಿಲ್ಲ. ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದ ಕೊನೆಗೆ, 1646ರಲ್ಲಿ, ಶತ್ರು ಬಂದರೆ ಅವನ ಕೈಗೆ ಸಿಗಬಾರದು ಅಂತ ಇವರೇ ಬೆಂಕಿ ಇಟ್ಟರು. ಆಮೇಲೆ ಶತ್ರು ಸೈನ್ಯ ಬೇರೆ ದಾರಿ ಹಿಡಿದು ಹೋಯಿತಂತೆ! ಒಳಗೆ ಹೋಗಲು ದುಡ್ಡಿಲ್ಲ, ಜನವಿಲ್ಲ. ಗೋಡೆಯ ಮೇಲೆ ಕೂತು ಬ್ರೆಡ್ಡು, ಚೀಸು ತಿಂದೆವು. ದಕ್ಷಿಣಕ್ಕೆ ಫಾಲ್ಕನ್‌ಸ್ಟೈನ್ ಅಂತ ಇನ್ನೊಂದು ಹಾಳು ಕೋಟೆ, ಸುಮಾರು 1,270 ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ. ಅದಕ್ಕೂ ಅದೇ ವರ್ಷ ಅದೇ ಗತಿ.

ಭಾನುವಾರ ನಾಯ್‌ಶ್ವಾನ್‌ಸ್ಟೈನ್. ಕ್ಯಾಲೆಂಡರ್‌ಗಳಲ್ಲಿ ನೋಡಿರುತ್ತೀರಿ, ಬಿಳಿ ಗೋಪುರಗಳ ಅರಮನೆ. ಅದು ಹಳೆಯ ಕೋಟೆಯೇ ಅಲ್ಲ. ಬವೇರಿಯಾದ ದೊರೆ ಎರಡನೇ ಲುಡ್‌ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ನಮ್ಮ ಮೈಸೂರು ಅರಮನೆಗಿಂತ ಒಂದು ತಲೆಮಾರು ಹಿರಿದು, ಅಷ್ಟೇ. ಸಾಲ ಮಾಡಿ ಮಾಡಿ ಕಟ್ಟಿಸಿದ. ಕೊನೆಗೆ ಮಂತ್ರಿಗಳು ಹುಚ್ಚ ಅಂತ ಹೇಳಿ ಇಳಿಸಿದರು. ಕೆಲವೇ ದಿನದಲ್ಲಿ, 1886ರ ಜೂನ್‌ನಲ್ಲಿ, ಒಂದು ಸರೋವರದಲ್ಲಿ ಹೆಣವಾಗಿ ಸಿಕ್ಕ. ಯಾರೂ ಬರಬಾರದು ಅಂತ ಅವನು ಕಟ್ಟಿಸಿಕೊಂಡ ಮನೆಯನ್ನು ಎರಡು ತಿಂಗಳೂ ಕಳೆಯುವ ಮೊದಲೇ ಟಿಕೆಟ್ ಇಟ್ಟು ಜನರಿಗೆ ತೆರೆದರು. ಕಳೆದ ವರ್ಷ ಯುನೆಸ್ಕೋ ಪಟ್ಟಿಗೂ ಸೇರಿದೆ. ನಾವು ಒಳಗೆ ಹೋಗಲಿಲ್ಲ. ಬಸ್ಸುಗಳ ಸಾಲು ನೋಡಿಯೇ ಸಾಕಾಯಿತು. ಕೆಳಗಿನ ಬಯಲಿನಿಂದ ನೋಡಿದರೇ ಚೆಂದ, ನನ್ನ ಮಟ್ಟಿಗಂತೂ.

ಅಪ್ಪಯ್ಯ, ಅಜ್ಜಿ ಮಲಗಿದ್ದರೆ ಈಗ ಎಬ್ಬಿಸಿ.

ಅರಮನೆಯ ಎದುರಿಗೇ ಫೋರ್ಗೆನ್ ಸರೋವರ. ಅದರ ಸುತ್ತ ಸುಮಾರು 32 ಕಿ.ಮೀ. ಸೈಕಲ್ ದಾರಿ. ಮ್ಯಾಪಿನಲ್ಲಿ ದೊಡ್ಡದಾಗಿ ನೀಲಿ ಬಣ್ಣ. ಹೋಗಿ ನೋಡಿದರೆ ನೀರೇ ಇಲ್ಲ! ಕಣ್ಣು ಹಾಯುವಷ್ಟೂ ಬೂದು ಬಣ್ಣದ ಕೆಸರು, ಕಲ್ಲು, ಮರದ ಬುಡಗಳು. ನಡುವೆ ಲೆಖ್ ನದಿ ತನ್ನ ಹಳೆಯ ಪಾತ್ರ ಹಿಡಿದು ತೆಳ್ಳಗೆ ಹರಿಯುತ್ತಿತ್ತು. ದೋಣಿ ಹತ್ತುವ ಮರದ ಕಟ್ಟೆಗಳು ಉದ್ದ ಕಾಲಿನ ಮೇಲೆ ಗಾಳಿಯಲ್ಲಿ ನಿಂತಿದ್ದವು. ದಡದಿಂದ ಒಂದು ಕಾಲುದಾರಿ ಇಳಿದು ನೇರ ಸರೋವರದ ಹೊಟ್ಟೆಯೊಳಗೆ ಹೋಗಿತ್ತು.

ಇದು ಡ್ಯಾಂ. 1950ರ ಹೊತ್ತಿಗೆ ಕಟ್ಟಲು ಶುರು ಮಾಡಿ 1954ರಲ್ಲಿ ಮುಗಿಸಿದ್ದು, ಕರೆಂಟಿಗೆ, ಪ್ರವಾಹ ತಡೆಯುವುದಕ್ಕೆ. ಫೋರ್ಗೆನ್ ಅನ್ನುವುದು ಅದರಡಿ ಹೋದ ಊರಿನ ಹೆಸರು. ಅಜ್ಜಿ, ಕೇಳಿಸಿತಾ? ಇಲ್ಲೂ ಒಂದು ಮುಳುಗಡೆ ಊರಿದೆ. ನಮ್ಮ ಲಿಂಗನಮಕ್ಕಿಗಿಂತ ಹತ್ತು ವರ್ಷ ಮೊದಲಿನದು. ವಿಸ್ತಾರ ಮಾತ್ರ ಬಹಳ ಕಡಿಮೆ. ಲಿಂಗನಮಕ್ಕಿ ತುಂಬಿದರೆ 300 ಚದರ ಕಿ.ಮೀ. ಮೀರುತ್ತದೆ, ಇದು ಸುಮಾರು 15. ಮನೆಗಳ ಅಡಿಪಾಯ, ಹಳೇ ರಸ್ತೆ ನೀರಿಳಿದಾಗ ಕಾಣುತ್ತವೆ, ನಮ್ಮಲ್ಲಿ ಬೇಸಿಗೆಗೆ ಮಡೆನೂರಿನ ಹಳೇ ಡ್ಯಾಂ ತಲೆ ಎತ್ತುವಂತೆ. ಸುಮಾರು 2,000 ವರ್ಷದ ರೋಮನ್ನರ ರಸ್ತೆಯ ಒಂದು ತುಂಡೂ ಇದರಡಿ ಇದೆ.

ನನಗೆ ಸೋಜಿಗ ಅನಿಸಿದ್ದು ಇದು. ನಮ್ಮಲ್ಲೂ ಏಪ್ರಿಲ್‌ನಲ್ಲಿ ನೀರು ಇಳಿದಿರುತ್ತದೆ, ಇಲ್ಲೂ ಇಳಿದಿದೆ. ಆದರೆ ಕಾರಣ ತಿರುಗುಮುರುಗು. ನಮ್ಮ ಕಡೆ ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಕರೆಂಟು ತೆಗೆಯುತ್ತಾ ಖರ್ಚಾಗಿರುತ್ತದೆ, ಮುಂದಿನ ಮಳೆ ಬರಬೇಕು. ಇಲ್ಲಿ ಬೇಕೆಂದೇ ಖಾಲಿ ಮಾಡುತ್ತಾರೆ. ಬೆಟ್ಟದ ಹಿಮ ಕರಗಿ ನೀರು ಒಮ್ಮೆಲೇ ನುಗ್ಗಿದರೆ ತಡೆದುಕೊಳ್ಳಲು ಜಾಗ ಬೇಕಲ್ಲ, ಅದಕ್ಕೆ. ಜೂನ್ ಹೊತ್ತಿಗೆ ತುಂಬಿ, ಅಕ್ಟೋಬರ್ ಮಧ್ಯದವರೆಗೆ ತುಂಬಿಯೇ ಇರುತ್ತದೆ. ಆಗ ದೋಣಿ, ಈಜು, ಪ್ರವಾಸಿಗರು. ಆಮೇಲೆ ಮತ್ತೆ ಇಳಿಸುತ್ತಾರೆ. ಹಾಗಾಗಿ ಆ ಊರಿನ ನೆಲ ಪ್ರತಿ ಚಳಿಗಾಲ ಮೇಲೆ ಬರುತ್ತದೆ, ಬೇಕಾದವರು ಹೋಗಿ ಅದರ ಮೇಲೆ ಓಡಾಡಬಹುದು.

ಇನ್ನೊಂದು ಮಾತು. ಅಂಗಡಿಗಳಲ್ಲಿ ಮಾರುವ ಕಾರ್ಡುಗಳಲ್ಲಿ ಅರಮನೆ, ಪಕ್ಕದಲ್ಲೇ ಈ ನೀಲಿ ಸರೋವರ. ಆ ರಾಜನ ಕನಸಿನ ಲೋಕ ಅಂತ ಬರೆದಿರುತ್ತಾರೆ. ಪಾಪ, ಆ ರಾಜ ಈ ಸರೋವರ ನೋಡಿಯೇ ಇರಲಿಲ್ಲ. ಅವನು ಕಿಟಕಿಯಿಂದ ಈ ಕಡೆ ನೋಡಿದಾಗ ಕಂಡಿದ್ದು ಹುಲ್ಲುಗಾವಲು, ಹೊಳೆ, ಆ ಊರಿನ ಮಾಡುಗಳು. ಗೆಳತಿಗೆ ಇದು ಹೊಳೆದೇ ಇರಲಿಲ್ಲ. ಚಿಕ್ಕಂದಿನಿಂದ ಬರುತ್ತಿರುವ ಜಾಗ, ಚಳಿಗಾಲದಲ್ಲಿ ನೀರಿರುವುದಿಲ್ಲ, ಅಷ್ಟೇ ಅವಳಿಗೆ ಗೊತ್ತು. ಮುಳುಗಿಹೋದ ಅಜ್ಜಿಯ ತವರುಮನೆಯ ಕಥೆ ಹೇಳಿದೆ. ಕಂಬ, ಬಾಗಿಲು, ಹಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದ್ದು, ಬಾವಿಗೆ ನಮಸ್ಕಾರ ಮಾಡಿ ಹೊರಟಿದ್ದು. ಆ ಬಾಗಿಲು ಈಗಲೂ ಮಾವನ ಮನೆಯಲ್ಲಿದೆ ಅಂದಾಗ ಅವಳು ಸೈಕಲ್ ನಿಲ್ಲಿಸಿ ಮತ್ತೆ ಮತ್ತೆ ಕೇಳಿದಳು. ಎಷ್ಟೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಅಜ್ಜಿ, ನೀನು ಹೇಳಬೇಕು, ಅಪ್ಪಯ್ಯ ಬರೆದು ಕಳಿಸಲಿ. ಮನೆ ಹೊಳೆಯಿಂದ ಎಷ್ಟು ದೂರ ಇತ್ತು? ತೋಟ ಮನೆಯ ಯಾವ ಕಡೆಗೆ? ದೇವರನ್ನು ಎಲ್ಲಿಗೆ ಒಯ್ದರು? ಪಕ್ಕದ ಮನೆಯವರು ಯಾವ ಊರಿಗೆ ಹೋದರು? ಸುಮ್ನೆ ಒಂದು ನಕ್ಷೆ ಬಿಡಿಸಿದರೂ ಸಾಕು, ಗೆರೆ ಸೊಟ್ಟಗಿದ್ದರೆ ಇರಲಿ.

ಈಗ ಸಿಗಂದೂರಿಗೆ ಸೇತುವೆ ಆಗಿದೆ, ಲಾಂಚಿಗೆ ಕಾಯುವ ಕಷ್ಟವಿಲ್ಲ. ಮೇ ತಿಂಗಳಲ್ಲಿ ನೀರು ಚೆನ್ನಾಗಿ ಇಳಿದಾಗ ತಮ್ಮ ಒಂದು ದಿನ ಅಜ್ಜಿಯನ್ನು ಕಾರಿನಲ್ಲಿ ಆ ಕಡೆಗೆಲ್ಲ ಕರೆದುಕೊಂಡು ಹೋಗಲಿ. ಬೆಳಿಗ್ಗೆ ಬೇಗ ಹೊರಡಲಿ, ಬಿಸಿಲು ಜಾಸ್ತಿ. ಪೆಟ್ರೋಲ್ ಖರ್ಚು ನನ್ನದು. ಅವನು ಪರೀಕ್ಷೆ ಇದೆ ಅಂತ ನೆಪ ಹೇಳಿದರೆ ನಂಬಬೇಡಿ, ಹತ್ತನೇ ತಾರೀಕಿಗೇ ಮುಗಿಯುತ್ತದೆ ಅಂತ ನನಗೆ ಹೇಳಿದ್ದಾನೆ.

ಇಂತಿ ನಿಮ್ಮ ಪ್ರೀತಿಯ ಮಗಳು

ಅಮ್ಮ, ಅಪ್ಪೆಮಿಡಿ ಈ ವರ್ಷ ಹೇಗೆ? ಉಪ್ಪಿನಲ್ಲಿ ಹಾಕಿ ಆಯ್ತಾ?