ಕುದ್ರು ಮುಳುಗಿದ್ದು ಮಳೆಯಿಂದಲ್ಲ, ಎರಡು ಪೈಪಿನಿಂದ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಕರಾವಳಿ ಪುಟದಲ್ಲಿ ಬಂದ ‘ಭಾರಿ ಮಳೆ: ಕುದ್ರು ಜಲಾವೃತ’ ವರದಿ ಓದಿದೆವು. ಹೊಳೆಯ ನಡುವಿನ ದ್ವೀಪವಾದ ನಮ್ಮ ಕುದ್ರು ಜಲಾವೃತ ಆದದ್ದು ನಿಜ. ಮಳೆಯಿಂದ ಎಂದದ್ದು ತಪ್ಪು. ಆ ಒಂದು ಸಾಲು ಹಿಡಿದುಕೊಂಡು ಪಂಚಾಯತ್‌ನವರು ಪ್ರಕೃತಿ ವಿಕೋಪ ಎಂದು ಕೈ ತೊಳೆದುಕೊಳ್ಳುತ್ತಿದ್ದಾರೆ. ಇದಕ್ಕಿಂತ ದೊಡ್ಡ ಮಳೆಯನ್ನೂ ಈ ಕುದ್ರು ಕಂಡಿದೆ. ಆಗೆಲ್ಲ ಗದ್ದೆಗೆ ನುಗ್ಗಿದ ನೀರು ಕಡಲಿನ ಇಳಿತದ ಹೊತ್ತಿಗೆ ತಾನಾಗಿ ಇಳಿದು ಹೋಗುತ್ತಿತ್ತು.

ಈ ಸಲ ಇಳಿಯಲಿಲ್ಲ. ಕಾರಣ, ಕುದ್ರುವಿನಲ್ಲಿ ವಿಲ್ಲಾ ಕಟ್ಟುವವರು ತಮ್ಮ ಲಾರಿ ದಾಟಿಸಲು ಹೊಳೆಯ ಕವಲಿಗೆ ಅಡ್ಡಲಾಗಿ ಹಾಕಿದ ಕೆಂಪು ಮಣ್ಣಿನ ದಂಡೆ. ಕವಲು 18 ಮೀಟರ್ ಅಗಲ, ಉಬ್ಬರದಲ್ಲಿ 2 ಮೀಟರ್ ಆಳ. ಅಂದರೆ ನೀರು ಹರಿಯಲು 36 ಚದರ ಮೀಟರ್ ಜಾಗ ಇತ್ತು. ಈಗ ಅಲ್ಲಿರುವುದು 90 ಸೆಂಟಿಮೀಟರ್ ವ್ಯಾಸದ ಎರಡು ಸಿಮೆಂಟ್ ಪೈಪು. ಎರಡೂ ಸೇರಿ ಒಂದೂಕಾಲು ಚದರ ಮೀಟರ್ ಚಿಲ್ಲರೆ. ಅದನ್ನೂ ಕವಲಿನ ತಳಕ್ಕೆ ಇಳಿಸದೆ ಮೇಲೆ ಕೂರಿಸಿದ್ದಾರೆ. ಪೈಪಿನ ಬಾಯಿಗಿಂತ ಕೆಳಗಿನ ನೀರಿಗೆ ದಾರಿಯೇ ಇಲ್ಲ. ತೇಲಿ ಬಂದ ನಾಲ್ಕು ತೆಂಗಿನ ಮಡಲು ಸಾಕು, ಬಾಯಿ ಕಟ್ಟುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಇರುವುದು ಆರು ಗಂಟೆ ಚಿಲ್ಲರೆ. ಅಷ್ಟರಲ್ಲಿ ಆ ಪೈಪಿನಿಂದ ನೀರು ಖಾಲಿಯಾಗುವುದಿಲ್ಲ, ಅದರ ಮೇಲೆಯೇ ಮುಂದಿನ ಉಬ್ಬರ ಬಂದು ಕೂರುತ್ತದೆ. ಅಮಾವಾಸ್ಯೆಯ ಮೂರು ದಿನ ಆದದ್ದು ಇದೇ.

ಸಾಕ್ಷಿ ಬೇಕಾದರೆ ದಂಡೆಯ ಎರಡು ಬದಿಯ ತೆಂಗಿನ ಮರಗಳನ್ನು ನೋಡಿ. ಮೇಲ್ಬದಿಯ ಮರದಲ್ಲಿ ಕೆಸರಿನ ಗೆರೆ ಮಂಡಿಯ ಎತ್ತರಕ್ಕಿದೆ. ಇಪ್ಪತ್ತು ಅಡಿ ಆಚೆ, ಕೆಳಬದಿಯ ಮರದಲ್ಲಿ ಕಣಕಾಲಿಗಿದೆ. ಮಳೆಗೆ ಆ ಬದಿ ಈ ಬದಿ ಎಂಬ ಭೇದ ಇಲ್ಲವಲ್ಲ?

ನೆಟ್ಟು ಹದಿನೈದು ದಿನವಾಗಿದ್ದ ಭತ್ತದ ನೇಜಿ ಕೊಳೆತುಹೋಗಿದೆ. ಕಕ್ಕಸಿನ ಗುಂಡಿಯ ನೀರು ಬಾವಿಗೆ ಬೆರೆತಿದೆ. ಪಂಚಾಯತ್‌ನಿಂದ ಒಂದೊಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ಕೊಟ್ಟರು, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬ ಅಳತೆ ಹೇಳಲಿಲ್ಲ. ಬಾವಿ ಖಾಲಿ ಮಾಡಲು ಪಂಪೂ ಕೊಡಲಿಲ್ಲ. ಗ್ಯಾಸ್ ಸಿಲಿಂಡರ್ ದೋಣಿಯಲ್ಲಿ ಬರಬೇಕು, ಮಕ್ಕಳು ಶಾಲೆಗೆ ದೋಣಿಯಲ್ಲೇ ಹೋಗಬೇಕು. ನಡೆದು ದಾಟಲು ಒಂದು ಕಾಲುಸಂಕ ಬೇಕೆಂದು ಎಷ್ಟು ಅರ್ಜಿ ಕೊಟ್ಟಿದ್ದೇವೆ! ಪ್ರತಿ ಚುನಾವಣೆಗೂ ಬಂದು ಅಳೆದು ಹೋಗುತ್ತಾರೆ. ವಿಲ್ಲಾದವರ ಲಾರಿಗೆ ಮಾತ್ರ ಒಂದೇ ವಾರದಲ್ಲಿ ದಾರಿ ಆಯಿತು.

ಮುಂದಿನ ಬೇಸಿಗೆ ನೆನೆದರೆ ಇನ್ನೂ ಹೆದರಿಕೆ. ಕುದ್ರುವಿನಲ್ಲಿ ಸಿಹಿನೀರು ಎಂದರೆ ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಅದರ ಮಟ್ಟ ಒಂದು ಅಡಿ ಇಳಿದರೆ ಅಡಿಯಿಂದ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆ ಎಂಬುದು ಅಂತರ್ಜಲದ ಲೆಕ್ಕ. ವಿಲ್ಲಾಕ್ಕೊಂದು ಈಜುಕೊಳವಂತೆ. 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಎಂದರೂ ಒಂದಕ್ಕೇ 75 ಸಾವಿರ ಲೀಟರ್ ಆಯಿತು. ಅವರು ಬೋರ್‌ವೆಲ್ ಪಂಪ್ ಹಾಕಿದ ದಿನ ನಮ್ಮ ಹನ್ನೆರಡು ಅಡಿಯ ಬಾವಿಗಳು ಕೆಟ್ಟ ಹಾಗೆಯೇ.

ಕಾನೂನು ಇಲ್ಲವೆಂದಲ್ಲ. 2019ರ ಜನವರಿ 18ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಪ್ರಕಾರ ಇಂಥ ದ್ವೀಪಗಳಲ್ಲಿ ಉಬ್ಬರ ರೇಖೆಯಿಂದ 20 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಉಬ್ಬರದ ನೀರಿನ ಸಹಜ ಹರಿವಿಗೆ ಅಡ್ಡ ಒಡ್ಡು ಹಾಕುವಂತಿಲ್ಲ. ಹಿನ್ನೀರಿನ ಕಾಂಡ್ಲಾ ಮರ ಕಡಿಯುವುದಂತೂ ದೂರದ ಮಾತು. ನಾವು ಹಳೆ ಮನೆಗೆ ಒಂದು ಬಚ್ಚಲು ಸೇರಿಸಲು ಹೋದರೆ ಇದೇ ಸಿಆರ್‌ಝಡ್ ಹೆಸರಲ್ಲಿ ತಿಂಗಳುಗಟ್ಟಲೆ ಅಲೆಸುತ್ತಾರೆ. ಪಂಚಾಯತ್‌ನ 9/11 ಆಸ್ತಿ ದಾಖಲೆ ಇಲ್ಲ, ನಕ್ಷೆ ಸರಿಯಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಆ ಸಾಹೇಬರ ಕಣ್ಣಿಗೆ ಇಷ್ಟುದ್ದದ ದಂಡೆ ಬೀಳಲಿಲ್ಲವೇ?

ವಿಲ್ಲಾಕ್ಕೆ ಮುಂಗಡ ಕೊಡುವವರೂ ಸ್ವಲ್ಪ ಕೇರಳದ ಕಡೆ ನೋಡಲಿ. ಕೊಚ್ಚಿಯ ಮರಡಿನಲ್ಲಿ ಹಿನ್ನೀರಿನ ದಡದ ನಾಲ್ಕು ಐಷಾರಾಮಿ ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಕೆಡವಿದರು. ಮನೆ ಕೊಂಡವರು ಬೀದಿಗೆ ಬಿದ್ದರು. ವೆಂಬನಾಡ್ ಸರೋವರದ ನೆಡಿಯತುರುತ್ತು ದ್ವೀಪದಲ್ಲಿ 54 ವಿಲ್ಲಾಗಳ ರೆಸಾರ್ಟಿಗೂ ಅದೇ ಗತಿ ಬಂತು. 2022ರಲ್ಲಿ ಕೆಡವಲು ಶುರು ಮಾಡಿದರು. ಅಲ್ಲಿ ಅನುಮತಿ ಕೊಟ್ಟವರೂ ಸಹಿ ಹಾಕುವಾಗ ಇಷ್ಟೇ ಧೈರ್ಯದಲ್ಲಿದ್ದಿರಬೇಕು.

ದಂಡೆಯನ್ನು ತಕ್ಷಣ ಒಡೆಯಿರಿ. ಆಗದಿದ್ದರೆ ಪೈಪು ಕಿತ್ತು ಕಂಬದ ಸೇತುವೆ ಕಟ್ಟಿಸಿ, ನಮಗೂ ದಾಟಲು ಬಿಡಿ. ಗದ್ದೆಗೆ ಪರಿಹಾರ ಕೊಡಿ, ಬಾವಿ ಸರಿಯಾಗುವವರೆಗೆ ಕುಡಿಯುವ ನೀರು ಕೊಡಿ. ಸಂಬಳ ತೆಗೆದುಕೊಳ್ಳುವವರು ಒಮ್ಮೆ ದೋಣಿ ಹತ್ತಿ ಬಂದು ಆ ಕೆಸರಿನ ಗೆರೆಯನ್ನು ನೋಡಲಿ, ಅದು ತೊಳೆದುಹೋಗುವ ಮೊದಲು. ಫೋನ್ ಮಾಡಿದರೆ ಎತ್ತುವುದನ್ನಾದರೂ ಕಲಿಯಲಿ.

– ಕುದ್ರು ನಿವಾಸಿಗಳು, ಉಡುಪಿ ಜಿಲ್ಲೆ